ಕರೆಗಂಟೆಗೆ ಸೂಜಿ ಕಟ್ಟಿದ ಮೇಲೆ

ನಾನು ಹಚ್ಚೆ ಹಾಕುವ ಒಂದು ಮಷಿನ್. ಹುಟ್ಟುವಾಗ ಹಾಗಿರಲಿಲ್ಲ. ಹುಟ್ಟುವಾಗ ನಾನು ಕರೆಗಂಟೆ.

ಕಬ್ಬಿಣದ ತುಂಡಿಗೆ ತಾಮ್ರದ ತಂತಿ ಸುತ್ತಿ, ಮುಂದೊಂದು ಪುಟ್ಟ ಸುತ್ತಿಗೆ, ಅದರ ಪಕ್ಕ ಹಿತ್ತಾಳೆಯ ಬಟ್ಟಲು ಇಟ್ಟು ನನ್ನನ್ನು ಮಾಡಿದರು. ಒಂದು ಕಚೇರಿಯಲ್ಲಿ, ಸಾಹೇಬರ ಕೋಣೆಯ ಹೊರಗೆ, ಜವಾನ ಮಲ್ಲಯ್ಯನ ತಲೆಯ ಮೇಲೆ ಮೊಳೆ ಹೊಡೆದು ಕೂರಿಸಿದರು. ಒಳಗೆ ಸಾಹೇಬರು ಗುಂಡಿ ಒತ್ತಿದರೆ ನಾನು ಬಡಿದುಕೊಳ್ಳಬೇಕು. ನಾನು ಬಡಿದುಕೊಂಡರೆ ಮಲ್ಲಯ್ಯ ಏಳಬೇಕು. ಅವನ ಚಹಾ ತುಟಿಗೆ ತಾಗುವ ಹೊತ್ತಿಗೇ ಸಾಹೇಬರಿಗೆ ಬೆರಳು ತುರಿಸುತ್ತಿತ್ತು.

"ನಿನ್ನ ಬಾಯಾಗ ಮಣ್ಣು ಬೀಳ" ಎಂದು ಮಲ್ಲಯ್ಯ ನನ್ನನ್ನೇ ಬೈದು ಎದ್ದು ಹೋಗುತ್ತಿದ್ದ. ಒತ್ತಿದವರನ್ನು ಬೈಯಲು ಅವನಿಗೆ ಧೈರ್ಯವಿರಲಿಲ್ಲ. ಒತ್ತಿದಾಗ ಸುಮ್ಮನಿರಲು ನನಗೂ ಇರಲಿಲ್ಲ. ಬೇರೆಯವರ ಬೆರಳಿಗೆ ಬಾಯಿ ತೆರೆಯುವುದೇ ನನ್ನ ಬಾಳು ಎಂದುಕೊಂಡಿದ್ದೆ.

ಹೊಸ ಸಾಹೇಬರು ಬಂದು ಹಕ್ಕಿಯಂತೆ ಕೂಗುವ ಗಂಟೆ ತರಿಸಿದರು. ನಾನು ಗುಜರಿಗೆ ಬಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ರೇಡಿಯೊ ರಿಪೇರಿ ಮಾಡುವ ಖಾಸಿಂ ಸಾಬ್. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ಹಚ್ಚೆ ಹಾಕುವ ತಿಪ್ಪವ್ವ ಕೂರುತ್ತಿದ್ದಳು. ಮೂರು ಸೂಜಿಗಳನ್ನು ದಾರದಿಂದ ಬಿಗಿದು, ಚುಚ್ಚಿ ಚುಚ್ಚಿ ಹಾಕುವ ಹಳೆಯ ಕೈ ಅವಳದು. ಆದರೆ ಆ ಕೈ ನಡುಗಲು ಶುರುವಾಗಿತ್ತು. ಚೇಳು ಹಾಕಿದರೆ ಏಡಿಯಂತೆ ಕಾಣುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಖಾಸಿಂ ಸಾಬ್ ನನ್ನನ್ನು ಅವಳ ಮುಂದೆ ಹಿಡಿದ. "ಗಂಟಿ ಬಡ್ಯೋದಕ್ಕೂ ಸೂಜಿ ಚುಚ್ಚೋದಕ್ಕೂ ಏನ್ ಫರಕ್ ತಿಪ್ಪವ್ವಕ್ಕಾ? ಎರಡೂ ಮ್ಯಾಲ ಕೆಳಗ ಆಡೋದ."

"ಆಡ್ಲಿ ಬಿಡಪಾ. ಆದರ ಗಂಟಿ ಹಂಗ ಊರಿಗೆಲ್ಲಾ ಕೂಗಿ ಹೇಳಿದ್ರ ನನ್ನ ಗಿರಾಕಿ ಎದ್ದು ಓಡ್ತಾವ" ಎಂದಳು ತಿಪ್ಪವ್ವ.

ಅವನು ಸುತ್ತಿಗೆ ಕಿತ್ತು ಅಲ್ಲಿ ಸೂಜಿಯ ಕಡ್ಡಿ ಕೂರಿಸಿದ. ಹಳೆಯ ಸ್ಕೂಟರಿನ ಬ್ಯಾಟರಿಗೆ ತಂತಿ ಎಳೆದ. ನನ್ನ ಹಿತ್ತಾಳೆ ಬಟ್ಟಲನ್ನು ಮಗುಚಿ ಶಾಯಿ ಹಾಕಲು ತಿಪ್ಪವ್ವನ ಮುಂದಿಟ್ಟ. ಕೂಗುತ್ತಿದ್ದ ನಾನು ಜೀರುಂಡೆಯಂತೆ ಗುಂಯ್‌ಗುಡಲು ಕಲಿತೆ. ಅಂದಿನಿಂದ ನನ್ನ ಮಾತು ಗಾಳಿಯಲ್ಲಿ ಕರಗಿ ಹೋಗಲಿಲ್ಲ. ಮೈಮೇಲೆ ನಿಂತಿತು. ನಾನು ಬರೆದದ್ದನ್ನು ಯಾವ ಸಾಹೇಬನೂ ಅಳಿಸಲಾರ. ಇದನ್ನು ಸೊಕ್ಕು ಎನ್ನುವವರು ಎನ್ನಲಿ.

ಗಲ್ಲದ ಚುಕ್ಕೆ, ತುಳಸಿ ಕಟ್ಟೆ, ಚೇಳು, ನವಿಲು ಎಲ್ಲ ಹಾಕಿದೆ. ಎಲ್ಲಕ್ಕಿಂತ ಹೆಚ್ಚು ಹಾಕಿದ್ದು ಗಂಡಂದಿರ ಹೆಸರು. ಈ ಸೀಮೆಯ ಹಳೆಯ ಪದ್ಧತಿ ಅದು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಆದರೆ ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಕೇಳುತ್ತಾರಲ್ಲ! ಆಗ ಕೈ ಮುಂದೆ ಚಾಚಿ ಹಚ್ಚೆ ತೋರಿಸುವುದು. ಅದಕ್ಕಾಗಿ ಹೆಸರು ಎಲ್ಲರಿಗೂ ಕಾಣುವಂತೆ ಮುಂಗೈ ಮೇಲೆಯೇ ಇರಬೇಕು.

ತಿಪ್ಪವ್ವನಿಗೆ ಓದು ಬರುತ್ತಿರಲಿಲ್ಲ. ಅಕ್ಷರ ಬಲ್ಲವರು ಯಾರಾದರೂ ಪೆನ್ನಿನಿಂದ ಕೈಮೇಲೆ ಬರೆದುಕೊಟ್ಟರೆ, ಆ ಗೆರೆಯ ಮೇಲೆ ಅವಳು ನನ್ನನ್ನು ನಡೆಸುತ್ತಿದ್ದಳು. ನನಗೂ ಓದು ಬಾರದು. ಆದರೆ ನಡೆದ ದಾರಿ ನಮ್ಮಿಬ್ಬರಿಗೂ ಮರೆಯುವುದಿಲ್ಲ. ಕೊಟ್ಟೂರಿನಲ್ಲಿ ಓಣಿಗೆ ಹತ್ತು ಮಂದಿ ಕೊಟ್ರೇಶರು. ಆ ಹೆಸರಿನ ತಿರುವುಗಳಂತೂ ಕಣ್ಣು ಮುಚ್ಚಿದರೂ ಸಿಗುತ್ತಿದ್ದವು.

ಒಮ್ಮೆ ಗಾಳೆವ್ವ ಎಂಬ ಮದುವಣಗಿತ್ತಿ ಬಂದಳು. ನಗುನಗುತ್ತಲೇ ಕೈ ಕೊಟ್ಟಳು. ಫಕೀರಪ್ಪ ಎಂದು ಬರೆದೆ. ಕೆಲವು ವರ್ಷಗಳ ಮೇಲೆ ಆ ಫಕೀರಪ್ಪ ಗಂಗಾವತಿ ಕಡೆ ಅಕ್ಕಿ ಗಿರಣಿ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಗಾಳೆವ್ವ ಕೂಸನ್ನು ಬಗಲಲ್ಲಿಟ್ಟುಕೊಂಡು ಕಟ್ಟೆಗೆ ಬಂದು ಕೇಳಿದಳು. "ತಿಪ್ಪವ್ವಾ, ಇದನ್ನ ತೆಗಿಯಾಕ ಬರ್ತೈತೇನು?"

"ಬರಂಗಿದ್ರ ಮೊದಲು ನನ್ನ ಕೈಯಾಗಿಂದ ತೆಗೀತಿದ್ದೆ" ಎಂದಳು ತಿಪ್ಪವ್ವ.

ಅಂದಿನಿಂದ ಗಾಳೆವ್ವ ಉದ್ದ ತೋಳಿನ ಕುಪ್ಪಸ ತೊಡತೊಡಗಿದಳು. ರೇಷನ್ ಅಂಗಡಿಯಲ್ಲಿ ಮಾತ್ರ ತೋಳು ಸರಿಸಿ, ಬಿಟ್ಟು ಹೋದವನ ಹೆಸರು ತೋರಿಸುತ್ತಿದ್ದಳು. ಬಗಲಲ್ಲಿದ್ದ ಕೂಸು ಅದನ್ನು ನೋಡುತ್ತ ಬೆಳೆಯಿತು.

ಆ ಕೂಸು ಹುಲಿಗೆಮ್ಮ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹೊಲಿಗೆ ಕಲಿತವಳು. ಹೆಸರಿನಲ್ಲಷ್ಟೇ ಹುಲಿ ಎಂದು ಓಣಿಯವರು ನಗುತ್ತಿದ್ದರು. ಕೇಳಿದ್ದಕ್ಕೆ ತಲೆ ಆಡಿಸುವಳು, ಮಾತಿಗೆ ಬದಲು ಅಳತೆಯ ಟೇಪು ಚಾಚುವಳು. ಆದರೆ ಅವಳ ಕಣ್ಣು ಏನನ್ನೂ ಬಿಡುತ್ತಿರಲಿಲ್ಲ.

ಅವಳಿಗೆ ಮದುವೆ ಗೊತ್ತಾಯಿತು. ಗಂಡಿನ ಹೆಸರು ಕೊಟ್ರೇಶ. ಅವನ ತಾಯಿ ಈರಮ್ಮ ಒಂದು ಮಧ್ಯಾಹ್ನ ಹುಲಿಗೆಮ್ಮನನ್ನೂ ಗಾಳೆವ್ವನನ್ನೂ ಕರೆದುಕೊಂಡು ನಮ್ಮ ಕಟ್ಟೆಗೆ ಬಂದಳು.

"ನಮ್ಮ ಹುಡುಗನ ಹೆಸರು ಹಾಕವ್ವ. ಎದ್ದು ಕಾಣಬೇಕು. ಅವನ ಗೆಳೆಯರ ಹೆಂಡರಿಗೆಲ್ಲಾ ಐತಂತ. ಹಚ್ಚಿ ಆದ ಮ್ಯಾಲೇ ತಾಳಿ ಅಂತ ಕುಂತಾನ" ಎಂದಳು. ಆಮೇಲೆ ದೊಡ್ಡದಾಗಿ ನಕ್ಕಳು. "ಈಕಿ ಅವನ್ನ ಫೋನಿನ್ಯಾಗ ಕೇಳ್ಯಾಳಂತ, ನೀವೂ ನನ್ನ ಹೆಸರು ಹಾಕಿಸ್ಕೋತೀರೇನು ಅಂತ! ನಮ್ಮ ಕೊಟ್ರ ನಕ್ಕು ನಕ್ಕು ಉರುಳಿ ಬಿದ್ದ."

ಗಾಳೆವ್ವನೂ ನಗಲು ನೋಡಿದಳು. ಆಗಲಿಲ್ಲ. ಹುಲಿಗೆಮ್ಮ ನಗಲಿಲ್ಲ. ಅವಳು ನೋಡುತ್ತಿದ್ದುದು ತಾಯಿಯ ಉದ್ದ ತೋಳನ್ನು.

"ಬರಕೊಡೋರು ಯಾರು?" ಎಂದು ತಿಪ್ಪವ್ವ ಕೇಳಿದಳು. ಖಾಸಿಂ ಸಾಬ್ ಊಟಕ್ಕೆ ಹೋಗಿದ್ದ. ಈರಮ್ಮನಿಗೂ ಗಾಳೆವ್ವನಿಗೂ ಅಕ್ಷರ ಬಾರದು.

"ನನಗ ಬರತೈತಿ" ಎಂದಳು ಹುಲಿಗೆಮ್ಮ.

ಬಲಗೈಯಲ್ಲಿ ಪೆನ್ನು ಹಿಡಿದು ಎಡ ಮುಂಗೈಯನ್ನು ತೊಡೆಯ ಮೇಲಿಟ್ಟಳು. ಪೆನ್ನಿನ ಮೊನೆ ಚರ್ಮಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಎತ್ತಿದಳು. ಮತ್ತೆ ತಂದಳು. ಒಂದು ದಾರಿಯಲ್ಲಿ ತಾಳಿ, ಮನೆ, ತಾಯಿಯ ನೆಮ್ಮದಿ. ಇನ್ನೊಂದು ದಾರಿಯಲ್ಲಿ ಏನಿದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎದ್ದು ಹೋಗಲೂಬಹುದಿತ್ತು. ಆದರೆ ಖಾಲಿ ಕೈ ಹೊತ್ತು ಹೋದರೆ ನಾಳೆ ಇನ್ನೊಬ್ಬ ಗಂಡಿನ ಕಡೆಯವರು ಇದೇ ಕಟ್ಟೆಗೆ ಕರೆತರುತ್ತಾರೆ.

"ಯಾಕವ್ವ, ನಾಚಿಕೀನ?" ಎಂದು ಈರಮ್ಮ ಚುಡಾಯಿಸಿದಳು. "ಬಾಯಲ್ಲಿ ಮಾತ್ರ ಅನಬ್ಯಾಡ ಮತ್ತ. ಗಂಡನ ಹೆಸರು ಅದು."

ಹುಲಿಗೆಮ್ಮ ಬರೆದಳು. ಒಂದೇ ಸಲಕ್ಕೆ, ಬಟ್ಟೆ ಕತ್ತರಿಸುವಾಗ ಎಳೆಯುವ ಗೆರೆಯಂತೆ.

ತಿಪ್ಪವ್ವ ಹೊಸ ಸೂಜಿ ಕಟ್ಟಿ, ನನ್ನನ್ನು ಶಾಯಿಗೆ ಅದ್ದಿ, ಮೊದಲ ಅಕ್ಷರದ ಮೇಲೆ ಇಟ್ಟಳು. ಅಲ್ಲೇ ನಿಂತಳು. ಇದು ಕೊಟ್ರೇಶನ ದಾರಿಯಲ್ಲ. ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವಳು ತಲೆಯೆತ್ತಿ ಹುಡುಗಿಯ ಮುಖ ನೋಡಿದಳು. ಹುಡುಗಿ ಕಣ್ಣು ತಗ್ಗಿಸಲಿಲ್ಲ.

"ಹಾಕಿದ ಮ್ಯಾಲ ಹೋಗಂಗಿಲ್ಲ" ಎಂದಳು ತಿಪ್ಪವ್ವ, ಮೆಲ್ಲಗೆ.

"ಅದಕ್ಕ ಹಾಕಿಸ್ಕೊಳ್ಳಾಕತ್ತೀನಿ."

ತಿಪ್ಪವ್ವ ನನ್ನನ್ನು ಚರ್ಮಕ್ಕೆ ಒತ್ತಿದಳು. ನಡುಗುವ ಅವಳ ಕೈ ಅಂದು ನಡುಗಲಿಲ್ಲ. ನಾನು ಕಚೇರಿಯಲ್ಲಿ ಕೂಗಿದ್ದ ಅಷ್ಟೂ ಕೂಗನ್ನು ಸೂಜಿಯ ಮೊನೆಗೆ ತಂದು ನಡೆದೆ. ಹುಡುಗಿ ತುಟಿ ಕಚ್ಚಿದಳೇ ಹೊರತು ಕೈ ಅಲುಗಿಸಲಿಲ್ಲ. ರಕ್ತ ಒರೆಸಿ, ಅರಿಶಿನ ಹಚ್ಚಿದಾಗ ನಾಲ್ಕು ಅಕ್ಷರ ಕಪ್ಪಗೆ ಎದ್ದು ನಿಂತವು.

"ಚಂದ ಆಗೈತಿ ನೋಡು! ನಮ್ಮ ಕೊಟ್ರ ಕಂಡ್ರ ಹಿಗ್ಗತಾನ" ಎಂದಳು ಈರಮ್ಮ, ಕೈ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತ.

ಹುಲಿಗೆಮ್ಮ ಸುಮ್ಮನಿದ್ದಿದ್ದರೆ ಮನೆ ಮುಟ್ಟುವ ತನಕವಾದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಡನ ಹೆಸರನ್ನು ಓದು ಎಂದು ಹೆಂಡತಿಯನ್ನು ಯಾರೂ ಕೇಳುವುದಿಲ್ಲ. ಆದರೆ ಹುಲಿಗೆಮ್ಮ ಕೈ ಬಿಡಿಸಿಕೊಂಡು, ಮುಂಗೈ ಎತ್ತಿ ಹಿಡಿದು, ಬೆರಳಿಟ್ಟು ಓದಿದಳು.

"ಹುಲಿಗೆಮ್ಮ."

ಈರಮ್ಮನಿಗೆ ಅರ್ಥವಾಗಲಿಲ್ಲ. "ಏನಂದಿ?"

"ನನ್ನ ಹೆಸರು. ಇದನ್ನ ನಾ ಬಾಯಲ್ಲಿ ಅನಬಹುದಲ್ಲರಿ ಅತ್ತಿ?"

ಬಸ್ ನಿಲ್ದಾಣದ ಹಿಂದೆ ಅಂಥ ಗದ್ದಲ ನಾನು ಕೇಳಿರಲಿಲ್ಲ. "ಅಳಸು! ಈಗಿಂದೀಗ ಅಳಸು!" ಎಂದು ಈರಮ್ಮ ತಿಪ್ಪವ್ವನ ಮೈಮೇಲೆ ಏರಿ ಬಂದಳು. "ಅಳಸಾಕ ಇದೇನು ಸಾಲಿ ಪಾಟಿ ಅಲ್ಲವ್ವ" ಎಂದು ತಿಪ್ಪವ್ವ ನನ್ನ ತಂತಿ ಕಿತ್ತು ಮಡಿಲಿಗೆ ಹಾಕಿಕೊಂಡಳು. ಈರಮ್ಮ ಸೆರಗು ಝಾಡಿಸಿ ಹೊರಟಳು. ಆ ಸಂಬಂಧ ಕಟ್ಟೆಯ ಮೇಲೆಯೇ ಮುರಿಯಿತು.

ಗಾಳೆವ್ವ ಅಲ್ಲೇ ಕುಸಿದು ಕೂತಳು. "ನನ್ನ ಮಾರಿಗೆ ಮಸಿ ಬಳದಿ" ಎಂದು ಅತ್ತಳು.

"ಮಸಿ ನನ್ನ ಕೈಮ್ಯಾಲ ಐತಿ ಯವ್ವ. ನಿನ್ನ ಮಾರಿ ಚಲೋನ ಐತಿ" ಎಂದು ಹುಲಿಗೆಮ್ಮ ತಾಯಿಯ ಕಣ್ಣೊರೆಸಿದಳು. ತನ್ನ ಮುಂಗೈ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಈಗ ನನಗೆ ವಯಸ್ಸಾಯಿತು. ಪೇಟೆಯಲ್ಲಿ ಗಾಜಿನ ಬಾಗಿಲಿನ ಹಚ್ಚೆ ಅಂಗಡಿಗಳಾಗಿವೆ. ಅಲ್ಲಿನ ಮಷಿನ್‌ಗಳಿಗೆ ದನಿಯೇ ಇಲ್ಲವಂತೆ. ತಿಪ್ಪವ್ವ ಹಾಸಿಗೆ ಹಿಡಿದಾಗ ನನ್ನನ್ನು ಹುಲಿಗೆಮ್ಮನ ಕೈಗಿತ್ತಳು. ಅವಳ ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿ, ಸೀಮೆಸುಣ್ಣ ಮತ್ತು ದಾರದುಂಡೆಗಳ ನಡುವೆ ಬಿದ್ದಿದ್ದೇನೆ. ನನ್ನ ಹಿತ್ತಾಳೆ ಬಟ್ಟಲಿನಲ್ಲಿ ಕುಪ್ಪಸದ ಹುಕ್ಕುಗಳಿವೆ. ಹುಲಿಗೆಮ್ಮನದು ಈಗಲೂ ಮಾತು ಕಡಿಮೆ. ತೋಳು ಮಾತ್ರ ಮೊಣಕೈವರೆಗೆ ಮಡಚಿಯೇ ಇರುತ್ತದೆ.

ಮೊನ್ನೆ ಹೊಸ ಗಿರಾಕಿಯೊಬ್ಬಳು ಕುಪ್ಪಸದ ಅಳತೆ ಕೊಡುತ್ತ ಆ ಕೈ ನೋಡಿದಳು. "ಇದೇನವ್ವ, ಗಂಡನ ಹೆಸರು ಬಿಟ್ಟು ನಿಂದ ಹಾಕಿಸ್ಕೊಂಡಿಯಲ್ಲ!"

ಹುಲಿಗೆಮ್ಮ ಬಾಯಿ ತೆರೆಯುವ ಮೊದಲೇ, ಮೂಲೆಯಲ್ಲಿ ಹುಕ್ಕು ಹಚ್ಚುತ್ತಿದ್ದ ಗಾಳೆವ್ವ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು. "ಆಕಿ ಹೆಸರು ಆಕಿ ಕೈಮ್ಯಾಲ ಇರಲಾರದ ನಿನ್ನ ಕೈಮ್ಯಾಲ ಇರಬೇಕಿತ್ತೇನು?"

ನನ್ನ ಬಟ್ಟಲು ಪಕ್ಕದಲ್ಲೇ ಇತ್ತು. ಆ ಸುತ್ತಿಗೆಯೊಂದು ಉಳಿದಿದ್ದರೆ, ಯಾರೂ ಗುಂಡಿ ಒತ್ತದೆಯೇ, ಆಗ ನಾನು ಒಂದು ಸಲ ಬಾರಿಸಿಬಿಡುತ್ತಿದ್ದೆ.