ಹಗ್ಗಕ್ಕೆ ಮೈಲಿಗೆ ಇಲ್ಲ

“ಹಲಿಗಿ ಮ್ಯಾಲ ಕೈ ಇಡತೀಯೇನಲೇ, ಸೂಳಿಮಗನ? ತಗೀ.”

ವೀರಪ್ಪಗೌಡನ ಬೆತ್ತ ನನ್ನ ತಮ್ಮ ಕೆರಿಯನ ಬೆರಳ ಮೇಲೆ ಬಿತ್ತು. ಎದೆಮಟ್ಟದ ನೀರಿನಲ್ಲಿ ನಿಂತು, ಚಂಗಡದ ಅಂಚು ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದ, ಅಷ್ಟೇ. ಬೆರಳು ಬಾಯಿಗಿಟ್ಟುಕೊಂಡು ಹಿಂದೆ ಸರಿದ.

ಮಳೆಗಾಲ ಹಿಡಿದರೆ ನಮ್ಮ ನಡುಗೊಪ್ಪಕ್ಕೆ ನಾಲ್ಕೂ ಕಡೆ ವರದೆಯ ನೀರು. ಆಚೆ ದಡದ ಬನವಾಸಿ ರಸ್ತೆಗೆ ದಾಟಲು ಇರುವುದು ಒಂದೇ ಚಂಗಡ; ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಬಡಿದದ್ದು. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷ ಇಡೀ ಊರಿಗೆಂದು ಕೊಟ್ಟದ್ದು ಗೌಡನ ಕೈಸೇರಿತು. ಗಾಡಿ, ಎತ್ತು, ಅಡಿಕೆ ಮೂಟೆ, ಗೌಡನ ನಾಯಿ, ಎಲ್ಲವೂ ಹಲಗೆಯ ಮೇಲೆ. ಹೊಲಗೇರಿಯ ನಾವು ಆರು ಜನ ನೀರಿಗಿಳಿದು, ಹಗ್ಗ ಹೆಗಲಿಗೆ ಹಾಕಿ ಎಳೆಯಬೇಕು. ನಾವು ಮುಟ್ಟಿದರೆ ಹಲಗೆಗೆ ಮೈಲಿಗೆ. ಹಾಗಾದರೆ ನಾವು ಎಳೆದ ಹಗ್ಗವನ್ನು ನಿಮ್ಮ ಆಳು ಗೂಟಕ್ಕೆ ಕಟ್ಟುವುದು ಹೇಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಗೌಡನೇ ತೀರ್ಪು ಕೊಟ್ಟಿದ್ದ: ಹೊಳೆಯಲ್ಲಿ ನೆನೆದ ಹಗ್ಗಕ್ಕೆ ಮೈಲಿಗೆ ಇಲ್ಲ.

ಕೆರಿಯನಿಗೆ ಬೆತ್ತ ಬಿದ್ದ ಆ ದಿನ, ಊರಿಗೆ ಬಂದಿದ್ದ ತಾಲೂಕಿನ ಸಾಹೇಬರ ಜೀಪು ಮರಳಿ ಆಚೆ ಹೋಗಬೇಕಿತ್ತು. ಜೊತೆಗೆ ಗೌಡ, ಮಗಳ ಮನೆಗೆ ಹೊರಟ ಅವನ ಎಮ್ಮೆ. ಇನ್ನೇನು ಹೊರಡಬೇಕು, ಅಷ್ಟರಲ್ಲಿ ನಮ್ಮ ಹೆಂಗಸರು ಕೆರಿಯನ ಹೆಂಡತಿ ಬರಮಿಯನ್ನು ಕಂಬಳಿಯಲ್ಲಿ ಹೊತ್ತು ತಂದರು. ಹಿಂದಿನ ದಿನದಿಂದ ಹೆರಿಗೆ ನೋವು. ಕೂಸು ಅಡ್ಡ ತಿರುಗಿದೆ, ಶಿರಸಿಯ ದವಾಖಾನೆಗೆ ಒಯ್ಯದಿದ್ದರೆ ಎರಡೂ ಜೀವ ಉಳಿಯುವುದಿಲ್ಲ ಎಂದಿದ್ದಳು ಸೂಲಗಿತ್ತಿ.

ಕೆರಿಯ ಗೌಡನಿಗೆ ಅಡ್ಡಬಿದ್ದ. ಹಲಗೆಯ ಒಂದು ಮೂಲೆ ಕೊಟ್ಟರೆ ಸಾಕು ಎಂದು ಬೇಡಿದ.

“ಎಮ್ಮಿ ಸಗಣಿ ಹಾಕಿದ್ರ ತೊಳೀಬಹುದು. ನಿನ್ನ ಹೇಂತಿ ಹಡದ್ರ ಹಲಿಗೀನಽ ಸುಡಬೇಕಾಗ್ತತಿ.”

ಮುಂದಿನ ಸಲ ಕರೆದುಕೊಂಡು ಬನ್ನಿ ಎಂದು ಸಾಹೇಬರು ಜೀಪಿನೊಳಗಿಂದಲೇ ಮೆತ್ತಗೆ ಹೇಳಿದರು. ನೀರು ಏರುತ್ತಿತ್ತು. ಇನ್ನು ಅವತ್ತು ಮುಂದಿನ ಸಲ ಎಂಬುದೇ ಇಲ್ಲ ಎಂದು ದಡದಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು.  ಆದರೂ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೆ. ರೂಢಿ ಬಿದ್ದ ಮೈ.

ನಡುಹೊಳೆಯಲ್ಲಿ ಕೆರಿಯ ನಿಂತುಬಿಟ್ಟ. ಅವನ ಹಿಂದೆ ನಾನು ನಿಂತೆ. ಉಳಿದ ನಾಲ್ವರೂ ನಿಂತರು.

ಗೌಡ ನಮ್ಮ ತಾಯಿ, ತಂಗಿ ಯಾರನ್ನೂ ಬಿಡದೆ ಬೈದ. ಗುಡಿಸಲು ಸುಡಿಸುತ್ತೇನೆ ಎಂದ. ಆಮೇಲೆ ಗಳ ಹಾಕಿ ನೂಕು ಎಂದು ಜೀಪಿನ ಡ್ರೈವರನಿಗೆ ಹೇಳಿದ. ಆ ಬಡಪಾಯಿ ಬಯಲುಸೀಮೆಯವನು, ಗಳವನ್ನು ಊದುಗೊಳವೆಯ ಹಾಗೆ ಹಿಡಿದ. ನಮ್ಮನ್ನು ಒಂದು ದಿನವೂ ಮೇಲೆ ಹತ್ತಿಸದ ಗೌಡ, ಚಂಗಡ ನಡೆಸಬಲ್ಲವನು ಒಬ್ಬನೂ ಹಲಗೆಯ ಮೇಲೆ ಇಲ್ಲದ ಹಾಗೆ ತಾನೇ ಮಾಡಿಟ್ಟಿದ್ದ.

“ಬರಮಿ ಹಲಿಗಿ ಹತ್ತಬೇಕು. ಇಲ್ಲಾಂದ್ರ ಹಗ್ಗ ಬಿಡ್ತೀನಿ,” ಎಂದ ಕೆರಿಯ. ಕೂಗಲಿಲ್ಲ.

ಕೆಂಪು ನೀರು ಹಲಗೆಯ ಸಂದಿಯಿಂದ ಚಿಮ್ಮಿ ಗೌಡನ ಮೆಟ್ಟು ನೆನೆಸಿತು. ಸಾಹೇಬರ ಮೆತ್ತಗಿನ ದನಿ ಎಲ್ಲಿ ಹೋಯಿತೋ, ತಿರುಗಿಸಲು ಹೇಳಿ ಎಂದು ಗೌಡನ ಮೇಲೆಯೇ ಹರಿಹಾಯ್ದರು. ತಿರುಗಿಸಿದೆವು.

ದಡ ಮುಟ್ಟಿದ್ದೇ ಕೆರಿಯ ಕೆಸರುಗಾಲಲ್ಲಿ ಹಲಗೆ ಹತ್ತಿದ. ಎಮ್ಮೆಯನ್ನು ಬಿಚ್ಚಿ ಇಳಿಸಿದ. ಅದು ನಿಂತಿದ್ದ ಜಾಗದಲ್ಲಿ ಬರಮಿಯನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಅವನ ಕೈ ಬಿಡಲೊಲ್ಲಳು. ಗೌಡ ಇಳಿದುಹೋಗಲು ನೋಡಿದ. ಇಳಿಯುವ ಜಾಗದಲ್ಲಿ ನಮ್ಮ ಹೆಂಗಸರು ಒತ್ತಾಗಿ ನಿಂತಿದ್ದರು. ಅವರನ್ನು ಮುಟ್ಟದೆ ದಾಟುವಂತಿರಲಿಲ್ಲ. ಹಿಂದೆ ಸರಿದು ಜೀಪಿಗೆ ಅಂಟಿಕೊಂಡ.

ಐವರೇ ಎಳೆದೆವು. ಸೆಳವು ಹೆಚ್ಚಿತ್ತು, ನಡುಹೊಳೆಗೆ ಬರುವಷ್ಟರಲ್ಲಿ ಕಾಲು ಜಾರತೊಡಗಿತು. ಡ್ರೈವರನಿಗೆ ಈಜು ಬಾರದು. ಗೌಡನಾದರೋ ಇದೇ ಹೊಳೆಯಲ್ಲಿ ಆಡಿ ಬೆಳೆದವನು. ನಾನು ಹಗ್ಗದ ತುದಿಯನ್ನು ಅವನ ಕಾಲ ಬಳಿ ಎಸೆದೆ.

“ಗೌಡ್ರ, ಒಂದು ಹೆಗಲು ಕಮ್ಮಿ ಬಿದ್ದೇತಿ. ಇಳೀರಿ. ಹಗ್ಗಕ್ಕ ಮೈಲಿಗಿ ಇಲ್ಲಂತ ನೀವಽ ಹೇಳೀರಿ.”

ಗೌಡ ಸಾಹೇಬರ ಕಡೆ ನೋಡಿದ. ಅವರು ಏರುತ್ತಿದ್ದ ನೀರನ್ನು ನೋಡುತ್ತ, ಇಳಿಯಿರಿ ಎಂದರು. ಗೌಡ ಮೆಟ್ಟು ಬಿಟ್ಟ. ರುಮಾಲು ತೆಗೆದಿಟ್ಟ. ನನ್ನ ಹಿಂದೆ ನೀರು ಕಲಕಿದ ಸದ್ದಾಯಿತು, ಹಗ್ಗ ಬಿಗಿಯಾಯಿತು.

“ಎಳೀರಿ,” ಎಂದೆ ನಾನು. ಗೌಡ ಎಳೆದ.

ಬರಮಿಯ ನರಳಾಟ ಕೇಳದೆ ಸ್ವಲ್ಪ ಹೊತ್ತಾಗಿತ್ತು. ಕೆರಿಯ ಅವಳ ಹೆಸರು ಹಿಡಿದು ಮತ್ತೆ ಮತ್ತೆ ಕರೆಯುತ್ತಿದ್ದ. ನಾವು ತಿರುಗಿ ನೋಡದೆ ಎಳೆಯುತ್ತಲೇ ಇದ್ದೆವು.