ಅಪ್ಪ ಮೆಚ್ಚಿದ ಬಿಳಿ

"ಚಿಕ್ಕ ಮೇಡಂ ಇಲ್ವಾ?"

ಫೋಟೋ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬಂದವರು ಮೊದಲು ಕೇಳುವ ಮಾತು ಇದು. ಕೌಂಟರಿನ ಹಿಂದೆ ದೊಡ್ಡ ಮೇಡಂ, ಅಂದರೆ ಅಕ್ಕ, ಕೂತಿರುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗದಲ್ಲಿ ಕೂತಿದ್ದಾಳೆ. ಆದರೂ ಬಂದವರ ಕಣ್ಣು ಅವಳನ್ನು ದಾಟಿ ಒಳಕೋಣೆಯ ಪರದೆಯ ಕಡೆ ಹೋಗುತ್ತದೆ. "ಇದ್ದಾಳೆ, ಕೂತ್ಕೊಳ್ಳಿ" ಎಂದು ಅಕ್ಕ ನಗುತ್ತಾಳೆ. ಆ ನಗುವನ್ನು ಮುಖಕ್ಕೆ ತರಲು ಪಡುವ ಪಾಡು ಅವಳೊಬ್ಬಳಿಗೇ ಗೊತ್ತು.

ತಂಗಿ ಸ್ಟುಡಿಯೋ ಸೇರಿ ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ವಿಮಾ ಕಚೇರಿಯೊಂದರಲ್ಲಿದ್ದಳು. ಅಲ್ಲಿ ಬೇಜಾರು ಬಂತಂತೆ. ಬೇಜಾರು ಬಂದವರೆಲ್ಲ ಬಂದು ಸೇರಿಕೊಳ್ಳಲು ಇದೇನು ಛತ್ರವೇ ಎಂದು ಅಕ್ಕನಿಗೆ ಅನ್ನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇದ್ದದ್ದೂ ಅಲ್ಲದೆ ಎಲ್ಲವನ್ನೂ ಕಲಿಸಿಕೊಟ್ಟಳು. ವೈಟ್ ಬ್ಯಾಲೆನ್ಸ್ ಕಲಿಸಿದ್ದೂ ಅವಳೇ.

"ನಮ್ಮ ಕಣ್ಣು ಜಾಣ ಕಣೇ. ಬಲ್ಬಿನ ಕೆಳಗೂ ನೆರಳಲ್ಲೂ ಬಿಳಿ ಹಾಳೇನ ಬಿಳಿ ಅಂತಾನೇ ನೋಡತ್ತೆ. ಕ್ಯಾಮೆರಾ ಪೆದ್ದು. ಬಲ್ಬಿನ ಕೆಳಗೆ ಹಳದಿ ಅನ್ನತ್ತೆ, ನೆರಳಲ್ಲಿ ನೀಲಿ ಅನ್ನತ್ತೆ. ಅದಕ್ಕೆ ಹಾಳೆ ಹಿಡಿದು ‘ಇದು ಕಣಪ್ಪಾ ಬಿಳಿ’ ಅಂತ ತೋರಿಸ್ಬೇಕು. ಇಲ್ಲಾಂದ್ರೆ ಬೆಳಕಿನ ನಂಬರು ನಾವೇ ಹಾಕ್ಬೇಕು. ಮಧ್ಯಾಹ್ನದ ಬಿಸಿಲಿಗೆ ಐದು ಸಾವಿರದ ಇನ್ನೂರು. ಅದಕ್ಕಿಂತ ಇಳಿಸಿದ್ಯೋ, ಫೋಟೋ ನೀಲಿ. ಏರಿಸಿದ್ಯೋ, ಹಳದಿ."

ಹೀಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟ ತಪ್ಪಿಗೆ ಈಗ ಅನುಭವಿಸುತ್ತಿದ್ದಳು.

ಗಿರಾಕಿಗಳ ಮಾತು ಹಾಗಿರಲಿ, ಅವರಿಗೆ ತಂಗಿಯ ಹರಟೆ ಇಷ್ಟ. ಅಕ್ಕನ ಹೊಟ್ಟೆ ನಿಜವಾಗಿ ಉರಿಯುತ್ತಿದ್ದದ್ದು ಅಪ್ಪನ ವಿಷಯಕ್ಕೆ.

ಸ್ಟುಡಿಯೋ ಕಟ್ಟಿದವರು ಅಪ್ಪ. ಈಗ ಕ್ಯಾಮೆರಾ ಮುಟ್ಟುವುದಿಲ್ಲ. ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ತೀರ್ಪು ಕೊಡುತ್ತಾರೆ. ಕುರ್ಚಿಯ ಎದುರಿಗೆ ಗೋಡೆಯ ಮೇಲೊಂದು ಹಲಗೆ. ಹೆಣ್ಣುಮಕ್ಕಳಿಬ್ಬರೂ ತಮ್ಮ ವಾರದ ಒಳ್ಳೆಯ ಫೋಟೋಗಳನ್ನು ಪ್ರಿಂಟ್ ಹಾಕಿ ಅದಕ್ಕೆ ಪಿನ್ನು ಚುಚ್ಚಬೇಕು. ಅಪ್ಪ ಮೊದಲು ನೋಡುವುದು ಬಿಳಿಯನ್ನು: ಅಂಗಿಯ ಕಾಲರು, ಗೋಡೆಯ ಸುಣ್ಣ, ಹಲ್ಲು. ಬಿಳಿ ಸರಿಬಂದರೆ ಉಳಿದ ಬಣ್ಣಗಳು ತಾವಾಗಿ ದಾರಿಗೆ ಬರುತ್ತವೆ ಎಂಬುದು ಅವರ ವಾದ. ಮೆಚ್ಚಿದ ಫೋಟೋವನ್ನು ಇಳಿಸಿ, ಹಿಂಬದಿಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಸರಿ ಗುರುತು ಎಳೆದು, ಮತ್ತೆ ಚುಚ್ಚಿಸುತ್ತಾರೆ. ಮೆಚ್ಚದ್ದು ಹಲಗೆಯಿಂದ ಇಳಿದು ಕಸದ ಬುಟ್ಟಿ ಸೇರುತ್ತದೆ.

ಮೂರು ವರ್ಷದಿಂದ ಅಕ್ಕನ ಒಂದು ಫೋಟೋಕ್ಕೂ ಆ ಗುರುತು ಬಿದ್ದಿರಲಿಲ್ಲ. "ಹಳದಿ" ಎನ್ನುತ್ತಿದ್ದರು ಅಪ್ಪ, ತಲೆ ಅಲ್ಲಾಡಿಸಿ. "ಇದೂ ಹಳದಿ. ಏನಾಗಿದೆ ನಿನ್ನ ಕೈಗೆ?" ಮೊದಲ ವರ್ಷ ತಂಗಿಗೂ ಇದೇ ಮಂಗಳಾರತಿ. ಆಮೇಲೆ ಇದ್ದಕ್ಕಿದ್ದಂತೆ ಅವಳಿಗೆ ಗುರುತಿನ ಮೇಲೆ ಗುರುತು. "ನೋಡು, ಚಿಕ್ಕವಳ ಬಿಳಿ ನೋಡಿ ಕಲಿ!"

ಅಕ್ಕ ನೋಡಿದಳು. ಅವಳ ಕಣ್ಣಿಗೆ ಅದು ನೀಲಿ. ಸಣ್ಣಗೆ, ಆದರೆ ಅನುಮಾನವಿಲ್ಲದ ನೀಲಿ. ಆದರೂ ದಿನಾ "ಹಳದಿ, ಹಳದಿ" ಎಂದು ಕೇಳಿ ಕೇಳಿ ಅವಳಿಗೆ ತನ್ನ ಕಣ್ಣಿನ ಮೇಲೇ ಗುಮಾನಿ ಹತ್ತಿತು. ಎರಡು ಸಲ ತಂಗಿ ಪಕ್ಕಕ್ಕೆ ಬಂದು, "ಅಕ್ಕಾ, ಈ ಬಣ್ಣದ ವಿಷಯ ಒಂದು ಹೇಳ್ಬೇಕಿತ್ತು..." ಎಂದು ಶುರುಮಾಡಿದ್ದಳು. "ನನಗೆ ಪಾಠ ಹೇಳೋಕೆ ಬರಬೇಡ" ಎಂದು ಅಕ್ಕ ಎರಡು ಸಲವೂ ಬಾಯಿ ಮುಚ್ಚಿಸಿದ್ದಳು.

ಆ ದಿನಗಳಲ್ಲಿ ಅಪ್ಪ ಬಲ್ಬು ಮಂಕಾಗಿದೆ ಎಂದು ಮೂರು ಸಲ ಬದಲಾಯಿಸಿದರು. ಒಂದು ಬೆಳಿಗ್ಗೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಸಾಕ್ಸು ಹಾಕಿಕೊಂಡು ಬಂದರು. ಅಕ್ಕ ನಕ್ಕು, ಮತ್ತೆ ತಂಗಿಯ ಫೋಟೋಗಳನ್ನು ದಿಟ್ಟಿಸುತ್ತ ಕೂತಳು.

ಆಗ ಬಂತು ಆಸ್ಪತ್ರೆಯ ಫೋಟೋ. ಬೀದಿಯ ಕೊನೆಯ ಆಸ್ಪತ್ರೆಯವರು ವರ್ಷಕ್ಕೊಮ್ಮೆ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಗುಂಪು ಫೋಟೋ ತೆಗೆಸುತ್ತಾರೆ. ನಲವತ್ತಾರು ಜನ, ನಲವತ್ತಾರು ಬಿಳಿ ಕೋಟು. ಅದು ಯಾವತ್ತೂ ಅಕ್ಕನ ಕೆಲಸ.

"ಈ ಸಲ ಚಿಕ್ಕವಳು ಹೋಗ್ಲಿ" ಎಂದರು ಅಪ್ಪ. "ಅಷ್ಟೊಂದು ಬಿಳಿ ಇದೆ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಇದೊಂದು ಸಲ ಬಿಡಿ ಅಪ್ಪಾ. ನಿಮ್ಮ ಬಿಳಿ ತಂದು ತೋರಿಸ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಅವಳೇ ಹೋಗ್ಲಿ" ಎಂದಳು. ಅಪ್ಪ ಒಪ್ಪಿದರು.

ತಂಗಿ ಏನು ನಂಬರು ಹಾಕುತ್ತಾಳೆಂದು ಅವಳ ಫೈಲು ತೆರೆದು ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಅದು ತಂಗಿಯ ಮುಂದೆ ಕೈಯೊಡ್ಡಿದಂತೆ! ಅಕ್ಕ ಹಲಗೆಯ ಮೇಲಿನ ಅವಳ ಫೋಟೋ ಒಂದನ್ನು ಇಳಿಸಿಕೊಂಡು, ಬಿಸಿಲಲ್ಲಿ ಹಾಳೆ ಇಟ್ಟು, ನಂಬರು ಇಳಿಸುತ್ತ ಇಳಿಸುತ್ತ ಬಂದಳು. ನಾಲ್ಕು ಸಾವಿರದ ಮುನ್ನೂರಕ್ಕೆ ಹಾಳೆಯ ಬಣ್ಣ ತಂಗಿಯ ಬಿಳಿಗೆ ತಾಳೆಯಾಯಿತು. ಅದನ್ನೇ ಇಟ್ಟು ಆಸ್ಪತ್ರೆಯ ಫೋಟೋ ತೆಗೆದಳು. ಕ್ಯಾಮೆರಾದ ಪರದೆಯಲ್ಲಿ ಕೋಟುಗಳು ನೀಲಿ ಹೊಡೆದವು. ಹೊಡೆಯಲಿ, ಅಪ್ಪ ಮೆಚ್ಚುವುದು ಇದನ್ನೇ ತಾನೇ ಎಂದುಕೊಂಡಳು.

ಅಪ್ಪ ಮೆಚ್ಚಿದರು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಭೇಷ್! ಇದು ಬಿಳಿ ಅಂದ್ರೆ!" ಎಂದು ಕೆಂಪು ಪೆನ್ಸಿಲು ಕೇಳಿದರು. ಹಿಂಬದಿಗೆ ಎಳೆದ ಗುರುತು ಈ ಅಂಚಿನಿಂದ ಆ ಅಂಚಿಗೆ ಬಂತು. ಅಕ್ಕ ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡು ಒಂದಷ್ಟು ಹೊತ್ತು ಅತ್ತಳು. ಹೊರಗೆ ಬಂದವಳೇ ತಂಗಿಯ ಮುಖ ನೋಡಿದಳು. ಅಲ್ಲಿ ಹೊಟ್ಟೆಯುರಿ ಕಾಣಬೇಕಿತ್ತು, ಕಂಡದ್ದು ಗಾಬರಿ. ಅದೂ ನಡೆಯುತ್ತದೆ ಎಂದುಕೊಂಡಳು.

ಮೂರನೆಯ ದಿನ ಹೆಡ್ ನರ್ಸ್ ಬಂದರು. ಅಪ್ಪ ಊಟಕ್ಕೆ ಹೋಗಿದ್ದರು, ಪುಣ್ಯ. ಆಸ್ಪತ್ರೆಗೆ ಕಳಿಸಿದ್ದ ಫೋಟೋದ ಲಕೋಟೆಯನ್ನು ಕೌಂಟರಿನ ಮೇಲೆ ಕುಕ್ಕಿ, "ಮೇಡಂ, ನಾವು ರೋಗಿಗಳನ್ನ ನೋಡ್ಕೊಳ್ಳೋರು. ಇದ್ರಲ್ಲಿ ನಮ್ಮನ್ನೇ ಐಸಿಯುಗೆ ಹಾಕ್ಬೇಕು ಅನ್ನೋ ಹಾಗಿದೀವಿ. ನಮ್ಮ ಡಾಕ್ಟ್ರಂತೂ ಹೋಗೇಬಿಟ್ಟಿದಾರೆ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಚಿಕ್ಕ ಮೇಡಂ ಬಂದಿದ್ರೆ ಚೆನ್ನಾಗಿತ್ತು" ಎಂದು ಸೇರಿಸಿದರು.

ಅಕ್ಕ ತಂಗಿಯ ಮೇಲೆ ಹರಿಹಾಯ್ದಳು. "ನಿನ್ನ ಬಣ್ಣಾನೇ ಹಾಕಿದ್ದು ನಾನು! ನೀನು ಮಾಡಿದ್ರೆ ಚಂದ, ನಾನು ಮಾಡಿದ್ರೆ ಹೆಣದ ಮನೆ! ನಿನ್ನ ಗಿರಾಕಿಗಳು ಯಾಕೆ ವಾಪಸ್ ತರಲ್ಲ?"

ತಂಗಿ ತನ್ನ ಡ್ರಾಯರು ಎಳೆದು ಒಂದು ಕಟ್ಟು ಫೋಟೋ ತೆಗೆದಿಟ್ಟಳು. ಹಲಗೆಯ ಮೇಲಿದ್ದವೇ ಅವು, ಬಣ್ಣ ಮಾತ್ರ ಬೇರೆ. ಕಾಲರು ಕಾಲರಿನ ಹಾಗೆ ಬಿಳಿ, ಕೆನ್ನೆ ಕೆನ್ನೆಯ ಹಾಗೆ. ಅಕ್ಕ ಕಲಿಸಿಕೊಟ್ಟ ಬಿಳಿ.

"ಗಿರಾಕಿಗಳಿಗೆ ಕೊಡೋದು ಇವು" ಎಂದಳು ತಂಗಿ. "ಗೋಡೆ ಮೇಲಿನವು ಅಪ್ಪನಿಗೆ ಅಂತ ಬೇರೆ ಮಾಡಿದ್ದು, ಕಂಪ್ಯೂಟರಲ್ಲಿ ನೀಲಿ ಸೇರಿಸಿ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ ಅಕ್ಕಾ. ಅವರಿಗೆ ಎಲ್ಲಾನೂ ಹಳದಿಯಾಗೇ ಕಾಣೋದು. ಡಾಕ್ಟ್ರಿಗೆ ತೋರಿಸೋಣ ಅಂದ್ರೆ, ‘ನಲವತ್ತು ವರ್ಷ ಬಣ್ಣ ನೋಡಿದ ಕಣ್ಣು, ಇದಕ್ಕೇನು ದಾಡಿ’ ಅಂತ ರೇಗಿದ್ರು. ಅವರಿಗೆ ಇರೋದು ಅದೊಂದೇ ಹೆಮ್ಮೆ. ನಿಂಗೆ ಹೇಳೋಕೆ ಬಂದೆ..."

ಬಂದದ್ದು ಅಕ್ಕನಿಗೆ ನೆನಪಿತ್ತು. ಸಾಕ್ಸೂ ನೆನಪಾಯಿತು. ಅಪ್ಪನ ಎದುರೇ ಕೂತಿದ್ದು ತಾನು ನೋಡಿದ್ದು ಮಾತ್ರ ತಂಗಿಯ ಫೋಟೋಗಳನ್ನು. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು: ಅಪ್ಪನ ಕಣ್ಣು ಕಂಡದ್ದೂ ಇವಳಿಗೇ, ಒಳ್ಳೆಯತನದಲ್ಲೂ ಇವಳೇ ಮುಂದೆ!

ಆಸ್ಪತ್ರೆಯವರಿಗೆ ಬಣ್ಣ ತಿದ್ದಿ ಬೇರೆ ಪ್ರಿಂಟು ಕೊಟ್ಟದ್ದಾಯಿತು. ಅಪ್ಪನನ್ನು ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದವಳು ಅಕ್ಕ. ತಂಗಿಯ ಮುದ್ದು ಮಾತಿಗೆ ಬಗ್ಗದವರು ದೊಡ್ಡವಳ ಗದರಿಕೆಗೆ ಬಗ್ಗಿದರು. ಎರಡೂ ಕಣ್ಣಿನ ಆಪರೇಷನ್ ಮುಗಿದು ವಾಸಿಯಾಗುವವರೆಗೆ ಸ್ಟುಡಿಯೋದ ಧೂಳಿಗೆ ಕಾಲಿಡಬಾರದೆಂದು ಡಾಕ್ಟರು ಹೇಳಿದರು.

ಅಪ್ಪ ಮರಳಿ ಬರುವ ದಿನ ತಂಗಿ ಅವರನ್ನು ಕರೆತರಲು ಹೋದಳು. ಹೋಗುವಾಗ, "ಅಕ್ಕಾ, ಹಲಗೆ ಮೇಲಿನ ನನ್ನ ಫೋಟೋ ಬದಲಾಯಿಸಿಬಿಡ್ತೀಯಾ? ಸರಿ ಬಣ್ಣದವು ಡ್ರಾಯರಲ್ಲಿವೆ" ಎಂದಳು.

ಅಕ್ಕ ಹಲಗೆಯ ಮುಂದೆ ನಿಂತಳು. ಮರೆತುಬಿಟ್ಟೆ ಎಂದರೆ ಸಾಕಿತ್ತು. ಹೊಸ ಕಣ್ಣಿನ ಅಪ್ಪ ಬಂದು ತಂಗಿಯ ನೀಲಿಯನ್ನೆಲ್ಲ ನೋಡಿ ಏನನ್ನುತ್ತಾರೆಂದು ಊಹಿಸಿಕೊಂಡಳು. ಒಂದು ಕಪ್ ಟೀ ಕುಡಿಯುತ್ತ, ಚಪ್ಪರಿಸಿಕೊಂಡು, ಇನ್ನೊಮ್ಮೆ ಊಹಿಸಿಕೊಂಡಳು. ಆಮೇಲೆ ಶಪಿಸುತ್ತಲೇ ಒಂದೊಂದನ್ನೂ ಕಿತ್ತು, ಸರಿ ಬಣ್ಣದವನ್ನು ಚುಚ್ಚಿದಳು.

ತನ್ನ ಆಸ್ಪತ್ರೆ ಫೋಟೋಕ್ಕೆ ಕೈ ಹಾಕಿದಳು, ತೆಗೆಯಲಾಗಲಿಲ್ಲ. ನೀಲಿಯೆಂದು ಗೊತ್ತು, ಪ್ರೇತಕಳೆಯೆಂದೂ ಗೊತ್ತು. ಆದರೆ ಮೂರು ವರ್ಷದಲ್ಲಿ ಅಪ್ಪ ಭೇಷ್ ಅಂದದ್ದು ಅದೊಂದಕ್ಕೇ. ಕೈ ಹಿಂದಕ್ಕೆ ತೆಗೆದುಕೊಂಡಳು.

ಅಪ್ಪ ಬಂದರು. ಕಪ್ಪು ಕನ್ನಡಕ ತೆಗೆದು, ಕಿಟಕಿ ನೋಡಿದರು, ಹೆಣ್ಣುಮಕ್ಕಳ ಮುಖ ನೋಡಿದರು. "ಪ್ರಪಂಚ ತೊಳೆದಿಟ್ಟ ಹಾಗಿದೆ ಕಣ್ರೇ" ಎಂದು ಮಗುವಿನಂತೆ ನಕ್ಕರು. ನಂತರ ಹಲಗೆಯ ಹತ್ತಿರ ಹೋದರು.

"ನೋಡು, ಚಿಕ್ಕವಳ ಬಿಳಿ! ಆಗಲೂ ಸರಿ, ಈಗಲೂ ಸರಿ. ನನ್ನ ಕಣ್ಣಿಗೆ ಪೊರೆ ಇದ್ರೂ ತೀರ್ಪು ತಪ್ಪಿರಲಿಲ್ಲ ನೋಡಿ." ಮುಂದಕ್ಕೆ ಸರಿದರು. ಆಸ್ಪತ್ರೆಯ ಫೋಟೋದ ಮುಂದೆ ನಿಂತರು. ಪಿನ್ನು ಕಿತ್ತು ಅದನ್ನು ಕೈಗೆ ತೆಗೆದುಕೊಂಡರು. "ಇದೇನೇ ಇದು? ಇಷ್ಟು ನೀಲಿ! ಇದನ್ನ ಯಾರು ಇಲ್ಲಿ ಚುಚ್ಚಿದ್ದು? ನಾನು ಒಪ್ಪಿದ್ದು ಬೇರೆ ಇತ್ತಲ್ಲ?"

ತಂಗಿ ಬಾಯಿ ತೆರೆದಳು. ಅಕ್ಕ ಅವಳ ಕಾಲು ತುಳಿದಳು.

ಹಾಳೆಯನ್ನು ತಿರುಗಿಸಿದರೆ ಸಾಕಿತ್ತು. ಹಿಂಬದಿಯಲ್ಲಿ ಅಪ್ಪನ ಕೈಯ ಕೆಂಪು ಗುರುತು, ಅಂಚಿನಿಂದ ಅಂಚಿಗೆ. ಅಕ್ಕನ ಮೂರು ವರ್ಷದ ಹಳದಿಗಳೆಲ್ಲ ಸರಿ ಬಿಳಿಯೇ ಆಗಿದ್ದವೆಂದು ಅಪ್ಪನಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ಅಪ್ಪನ ಬೆರಳು ಆಗಲೇ ಹಾಳೆಯ ತುದಿಯನ್ನು ಮಡಿಸುತ್ತಿತ್ತು. ಅವರ ಮುಖದಲ್ಲಿ ಆ ತೊಳೆದಿಟ್ಟ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಕೊಡಿ ಅಪ್ಪಾ" ಎಂದು ಅಕ್ಕ ಫೋಟೋವನ್ನು ಅವರ ಕೈಯಿಂದ ತೆಗೆದುಕೊಂಡಳು. "ನಂಬರು ತಪ್ಪು ಹಾಕ್ಬಿಟ್ಟಿದ್ದೆ. ಅದು ಕೆಟ್ಟ ಪ್ರಿಂಟು."

"ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ನಂಬರು ತಪ್ಪತ್ತಾ? ನಾಚಿಕೆ ಬಿಟ್ಟು ಚಿಕ್ಕವಳ ಹತ್ರ ಕೇಳಿ ಕಲ್ತ್ಕೊಬಾರ್ದಾ?"

"ಆಯ್ತಪ್ಪಾ" ಎಂದಳು ಅಕ್ಕ.

ಹೊಟ್ಟೆ ಎಂದಿನಂತೆಯೇ ಉರಿಯಿತು. ಅದು ಅಂದು ಆರಿಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳು ಕೌಂಟರಿಗೆ ಹೋಗಿ ತನ್ನ ಡ್ರಾಯರು ತೆರೆದು, ಫೋಟೋವನ್ನು ಮುಖ ಕೆಳಗೆ ಮಾಡಿ ಇಟ್ಟಳು. ಕೆಂಪು ಗುರುತನ್ನು ಒಮ್ಮೆ ಬೆರಳಿನಿಂದ ಸವರಿದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಯಾರೋ ಬಂದರು.

"ಚಿಕ್ಕ ಮೇಡಂ ಇಲ್ವಾ?"

"ಇದ್ದಾಳೆ" ಎಂದು ಅಕ್ಕ ಡ್ರಾಯರು ಮುಚ್ಚಿದಳು. "ಕೂತ್ಕೊಳ್ಳಿ."