ಅಸಲಿ ಕೂಗು

"ನೆಟ್ಟಗೆ ಸಾಯೋಕೂ ಬರಲ್ವೇನೇ ನಿಂಗೆ, ಮುಂಡೇದೆ?"

ಮೇಸ್ತ್ರಿ ತಂಗಿಯ ಹೆಡ್‌ಫೋನನ್ನು ಕಿತ್ತೆಳೆದ. ವೈರು ಕೂದಲಿಗೆ ಸಿಕ್ಕಿಕೊಂಡು ಅವಳ ತಲೆ ಹಿಂದಕ್ಕೆ ವಾಲಿತು. ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ತನ್ನ ಪರದೆಯಿಂದ ಕಣ್ಣು ಕೀಳಲಿಲ್ಲ. ಆಟದಲ್ಲಿ ಅವಳಿನ್ನೂ ಸಾಯುತ್ತಿದ್ದಳು, ಅರ್ಧಕ್ಕೆ ಬಿಟ್ಟು ಎದ್ದರೆ ಅವಳಿಗೂ ಏಟು ಬೀಳುತ್ತಿತ್ತು.

"ಬೆರಳು ತಾನಾಗೇ ತಪ್ಪಿಸ್ಕೊಂಡ್ಬಿಡ್ತು ಮೇಸ್ತ್ರಿ." ಕಿರುಚಿ ಕಿರುಚಿ ಗಂಟಲು ಕಟ್ಟಿ ತಂಗಿಯ ಮಾತು ಬರೀ ಗಾಳಿಯಾಗಿ ಬಂತು.

"ತಪ್ಪಿಸ್ಕೊಂಡ್ಬಿಡ್ತಂತೆ! ದೊರೆ ಬಿದ್ದ ಕಣೇ! ಅಷ್ಟು ದುಡ್ಡು ಸುರಿದು ಬೆಂಕಿ ಕತ್ತಿ ಕೊಂಡಿರೋ ಗಿರಾಕಿ, ಸ್ನೇಹಿತರೆಲ್ಲ ನೋಡ್ತಿರುವಾಗ ಅಂಗಾತ ಬಿದ್ದ. ಎಬ್ಬಿಸೋಕೆ ನಿಮ್ಮಪ್ಪ ಬರ್ತಾನಾ?"

ಟೈರು ಗೋದಾಮಿನ ಮೇಲಿನ ತಗಡಿನ ಕೋಣೆ ಅದು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿತ್ತು. ಕೆಳಗಿನಿಂದ ರಬ್ಬರಿನ ವಾಸನೆ ಏರಿ ಬಂದು ಬಟ್ಟೆಗೆ ಹತ್ತುತ್ತಿತ್ತು. ಸಾಲು ಕಬ್ಬಿಣದ ಮೇಜುಗಳ ಮುಂದೆ ಕೂತವರ ಕೆಲಸ ಸೋಲುವುದು. ಆನ್‌ಲೈನಿನ ಆ ಯುದ್ಧದ ಆಟವನ್ನು ಪುಕ್ಕಟೆ ಯಾರು ಬೇಕಾದರೂ ಆಡಬಹುದು. ಗೆಲ್ಲಬೇಕೆಂದರೆ ಕತ್ತಿ ಕೊಳ್ಳಬೇಕು, ಕವಚ ಕೊಳ್ಳಬೇಕು. ಕೊಂಡವನಿಗೆ ಕೊಂಡದ್ದು ಸಾರ್ಥಕ ಅನ್ನಿಸಬೇಕಲ್ಲ, ಅದಕ್ಕೆ ಎದುರಿಗೆ ಇವರು. ಕಂಪ್ಯೂಟರು ತಾನೇ ಸೋತರೆ ಗಿರಾಕಿಗೆ ಸಪ್ಪೆ. ಮನುಷ್ಯರು ಸೋಲುವ ರೀತಿಯೇ ಬೇರೆ. ಮೊದಲು ಒಂದೆರಡು ಏಟು ಹಾಕಿ ಆಸೆ ತೋರಿಸಬೇಕು, ಹೆದರಿ ಓಡಬೇಕು, ಕಲ್ಲಿಗೆ ಎಡವಬೇಕು, ಏಳಲು ನೋಡಬೇಕು, ಆಮೇಲೆ ಕುತ್ತಿಗೆ ಕೊಡಬೇಕು.

ದೊಡ್ಡ ಗಿರಾಕಿಗಳಿಗೆ ಮೈಕು ತೆರೆದಿರುತ್ತಿತ್ತು. ಎದುರಿಗಿರುವುದು ಕೂಲಿಯ ಹೆಣ ಎಂಬುದು ಅವರಿಗೆ ಗೊತ್ತು, ಗೊತ್ತಿದ್ದೇ ಕೊಳ್ಳುತ್ತಿದ್ದರು. ಸಾಯುವವರು ಅಂಗಲಾಚಬೇಕು, ಕಿರುಚಬೇಕು. ಆಟದಲ್ಲಿ 'ದೊರೆ' ಎಂದು ಹೆಸರಿಟ್ಟುಕೊಂಡವನು ಅಂಥವನು. ಅವನ ಮುಖ ಕಂಡವರಿಲ್ಲ. ಏನನ್ನೋ ಜಗಿಯುತ್ತ ಮಾತಾಡುವ ದನಿಯೊಂದೇ ಎಲ್ಲರಿಗೂ ಪರಿಚಯ.

ತಂಗಿ ಆಟ ಬಲ್ಲವಳು. ಅದೇ ಅವಳ ಕಾಯಿಲೆ. ಕತ್ತಿ ಮೇಲೆ ಬಂದಾಗ ಅವಳ ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ.

"ಸಾಯೋದನ್ನ ನನ್ನ ನೋಡಿ ಕಲೀ ಮಗಳೇ," ಮೂಲೆಯ ಕುರ್ಚಿಯ ತಾತ ಮೇಸ್ತ್ರಿ ಆಚೆ ತಿರುಗಿದ್ದು ನೋಡಿ ಪಿಸುಗುಟ್ಟಿದ. "ಬೆಳಗ್ಗೆಯಿಂದ ಸಾಯ್ತಾನೇ ಇದೀನಿ, ಮನೇಲಿ ಒಬ್ರಾದ್ರೂ ಅತ್ರಾ?"

ತಂಗಿ ನಕ್ಕಳು. ನಗುವಿಗೂ ದನಿಯಿರಲಿಲ್ಲ.

ಊಟದ ಹೊತ್ತು ಮುಗಿಯುವ ಮುಂಚೆಯೇ ದೊರೆ ಮತ್ತೆ ಆಟಕ್ಕೆ ಬಂದ. "ನನ್ನ ಬೀಳಿಸಿದವಳೇ ಬೇಕು," ಎಂದ.

ಈ ಸಲ ತಂಗಿ ಚೆನ್ನಾಗಿ ಸತ್ತಳು. ಎಡವಿದಳು, ತೆವಳಿದಳು, ಮೊಣಕಾಲೂರಿದಳು. ಆದರೆ "ಬಿಟ್ಬಿಡಿ ದೊರೆ" ಎನ್ನುವಲ್ಲಿ ಕರಕರ ಸದ್ದಷ್ಟೇ ಹೊರಟಿತು.

"ಇದೇನಿದು, ಕಪ್ಪೆ ಕೂಗ್ತಾ ಇದೆಯಾ?" ದೊರೆ ಜಗಿಯುವುದನ್ನು ನಿಲ್ಲಿಸಿದ. "ಇಷ್ಟಕ್ಕಾ ನಾನು ದುಡ್ಡು ಕೊಡೋದು?"

ಮೇಸ್ತ್ರಿಯ ಕಣ್ಣು ತಂಗಿಯ ಎಡಗೈ ಮೇಲೆ ಬಿತ್ತು. ಮೇಜಿನ ಡ್ರಾಯರು ಅರ್ಧ ತೆರೆದಿತ್ತು. ಅದರ ಅಂಚಿಗೆ ಕೈಯೂರಿ ಅವಳು ಮುಂದಕ್ಕೆ ಬಗ್ಗಿದ್ದಳು. ಮೇಸ್ತ್ರಿ ಮೊಣಕಾಲಿನಿಂದ ಡ್ರಾಯರನ್ನು ಬಲವಾಗಿ ಗುದ್ದಿ ಮುಚ್ಚಿದ.

ಕಟ್ಟಿದ್ದ ಗಂಟಲನ್ನು ಸೀಳಿಕೊಂಡು ಬಂದ ಆ ಕೂಗಿಗೆ ಕೋಣೆಯಲ್ಲಿದ್ದ ಎಲ್ಲರ ಕೈಯೂ ನಿಂತಿತು. ಅಕ್ಕನ ಪರದೆಯಲ್ಲಿ ಯಾರೋ ಅವಳನ್ನು ಕಡಿದು ಹೋದರು, ಅವಳಿಗೆ ತಿಳಿಯಲಿಲ್ಲ.

ದೊರೆ ಉಸಿರೆಳೆದುಕೊಂಡು ನಕ್ಕ. "ಇದು! ಇದು ನೋಡಿ ಅಸಲಿ ಅಂದ್ರೆ!"

ಪರದೆಯ ಮೇಲೆ ಬಂಗಾರದ ನಾಣ್ಯಗಳು ಝಣಝಣ ಸುರಿಯತೊಡಗಿದವು. ಗಿರಾಕಿ ಖುಷಿಯಾಗಿ ಇನಾಮು ಕೊಟ್ಟಾಗ ಹಾಗೆ ಸುರಿಯುತ್ತದೆ. ಅದು ಗೋದಾಮಿನ ಧಣಿಯ ಖಾತೆಗೆ ಹೋಗುವ ಇನಾಮು.

ಧಣಿ ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ತಂಗಿಯ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಕಿರುಬೆರಳು ಆಗಲೇ ನೀಲಿಯಾಗಿ ಊದಿತ್ತು. ಉಗುರು ಒಂದು ಕಡೆಯಿಂದ ಎದ್ದಿತ್ತು.

"ಮೂಳೆಗೇನೂ ಆಗಿಲ್ಲಮ್ಮ. ಔಷಧಿ ಖರ್ಚು ನಂದು." ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ನಾಳೆಯಿಂದ ದೊರೆಗೆ ಇದೇ ಆಗ್ಲಿ. ಬೇರೆಯವರೂ ಕೇಳ್ತಿದಾರಂತೆ. ಒಂದು ಹೆಸರು ಇಟ್ಬಿಡೋಣ. ಅಸಲಿ ಕೂಗು."

ಅಕ್ಕ ಎದ್ದು ನಿಂತಳು. "ಅವಳ ಬದಲು ನಾನು ಕೂರ್ತೀನಿ ಧಣಿ."

"ನಿಂದು ದಪ್ಪ ದನಿ ಕಣಮ್ಮ. ಗಿರಾಕಿ ಕೇಳಿದ್ದನ್ನ ಕೊಡ್ಬೇಕಲ್ವಾ ನಾವು?"

"ಅವಳ ಕೈ ಹೋಗ್ಬಿಡುತ್ತೆ ಧಣಿ."

"ನಿಮ್ಮಮ್ಮ ಹೇಗಿದಾರೆ?" ಎಂದು ಧಣಿ ಕೇಳಿದರು. ಗೋದಾಮಿನ ಹಿಂದೆ ಅಮ್ಮ ಹಾಸಿಗೆ ಹಿಡಿದು ಮಲಗಿದ್ದ ಕೋಣೆ ಧಣಿಯದೇ. ಅಕ್ಕ ಕೂತಳು.

ಸಂಜೆ ಆ ಕೋಣೆಯಲ್ಲಿ ಅಮ್ಮ ಬ್ಯಾಂಡೇಜು ನೋಡಿ, "ಏನಾಯ್ತೇ ಕೈಗೆ?" ಅಂದಳು.

"ಬಾಗ್ಲಿಗೆ ಸಿಕ್ತಮ್ಮ."

"ಯಾವಾಗ ನೋಡಿದ್ರೂ ಮೈಮೇಲೆ ಜ್ಞಾನ ಇಲ್ಲ ನಿಂಗೆ."

ಅಕ್ಕ ತಂಗಿಯ ಜಡೆ ಬಿಚ್ಚಿ ಬಾಚುತ್ತಿದ್ದಳು. ಒಂದೇ ಕೈಯಲ್ಲಿ ತಂಗಿಗೆ ಆಗುತ್ತಿರಲಿಲ್ಲ. ಬಾಚಣಿಗೆ ಸಿಕ್ಕಿಗೆ ತಡೆದು ನಿಂತಾಗ ತಂಗಿ ತಿರುಗದೆ ಕೇಳಿದಳು:

"ಅಕ್ಕಾ, ನಾಳೆ ಯಾವ ಕೈ ಕೊಡ್ಲಿ? ಇದೇ ಕೊಟ್ರೆ ಇನ್ನೊಂದಾದ್ರೂ ಉಳಿಯುತ್ತೆ, ಅಲ್ವಾ?"

ಅಕ್ಕ ಸಿಕ್ಕು ಬಿಡಿಸುತ್ತಲೇ ಇದ್ದಳು. ಕೂದಲು ಬಿಡಿಯಾದ ಮೇಲೂ ಬಾಚುತ್ತಲೇ ಇದ್ದಳು.

ಮಾರನೆಯ ದಿನ ಬೆಳಿಗ್ಗೆ ಅವರು ಬರುವ ಹೊತ್ತಿಗೆ ಮೇಸ್ತ್ರಿ ಡ್ರಾಯರಿನ ಹಳಿಗಳಿಗೆ ಎಣ್ಣೆ ಬಿಟ್ಟು ಹಿಂದೆ ಮುಂದೆ ಎಳೆದು ನೋಡುತ್ತಿದ್ದ. ಅದು ಈಗ ಸದ್ದಿಲ್ಲದೆ ಜಾರುತ್ತಿತ್ತು.

"ಎಲ್ಲಿ ನನ್ನ ಕೋಗಿಲೆ?" ಎಂದ ದೊರೆ, ಜಗಿಯುತ್ತ. ಹಿಂದೆ ಅವನ ಸ್ನೇಹಿತರ ಗದ್ದಲ. ಎಲ್ಲರಿಗೂ ಕೇಳಲೆಂದು ಮೇಸ್ತ್ರಿ ಇವತ್ತು ಸ್ಪೀಕರನ್ನೂ ಹಾಕಿದ್ದ.

ತಂಗಿ ಎಡವಿದಳು, ತೆವಳಿದಳು, ಮೊಣಕಾಲೂರಿದಳು. ಬೆಂಕಿ ಕತ್ತಿ ಮೇಲೆದ್ದಿತು.

"ಕೈ ಇಡು," ಮೇಸ್ತ್ರಿ ಮೆಲ್ಲಗೆ ಹೇಳಿದ.

ಅವಳು ಇಡಲಿಲ್ಲ.

"ಇಡೇ ಅಂದ್ರೆ, ಬೋಸುಡಿ!" ಅವಳ ಮಣಿಕಟ್ಟು ಹಿಡಿದು, ಬ್ಯಾಂಡೇಜು ಸುತ್ತಿದ ಕೈಯನ್ನು ತಾನೇ ಡ್ರಾಯರಿನೊಳಕ್ಕೆ ಒತ್ತಿದ. ಅಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಅವಳು ಏಳುವುದಕ್ಕೂ ಮೇಸ್ತ್ರಿ ತಿರುಗಿ ನೋಡುವುದಕ್ಕೂ ಸರಿಹೋಯಿತು. ಆ ಗಳಿಗೆಯಲ್ಲಿ ಅವನ ಹಿಡಿತ ಸಡಿಲಿತು. ತಂಗಿಯ ಬೆರಳು ತಾನಾಗೇ ತಪ್ಪಿಸಿಕೊಂಡಿತು.

ಒಳಗೆ ಉಳಿದದ್ದು ಮೇಸ್ತ್ರಿಯ ಕೈ. ಅಕ್ಕ ಮೈಭಾರವನ್ನೆಲ್ಲ ಸೊಂಟಕ್ಕೆ ತಂದು ಡ್ರಾಯರನ್ನು ಮುಚ್ಚಿದಳು.

ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಆಮೇಲೆ ಮೇಸ್ತ್ರಿ ಕೂಗಿದ. ಅಕ್ಕ ಒತ್ತಿದ್ದನ್ನು ಬಿಡಲಿಲ್ಲ. ಮೇಜಿನ ಅಂಚಿನಿಂದ ಎಣ್ಣೆ ಬೆರೆತ ರಕ್ತ ಅವಳ ಬಟ್ಟೆಗೆ ಇಳಿಯಿತು. ತಂಗಿ ಮೈಕನ್ನು ಕಿತ್ತುಕೊಂಡು ಅವನ ಬಾಯಿಗೆ ಹಿಡಿದಳು.

"ಬಿಡೇ... ಅಮ್ಮಾ... ತಾಯೀ, ನಿನ್ನ ಕಾಲಿಗೆ ಬೀಳ್ತೀನಿ, ಬಿಡಿ..."

ಅಕ್ಕ ಸ್ಪೀಕರಿನತ್ತ ನೋಡಿದಳು. ಈಗ ದೊರೆ ದೂರು ಕೊಡುತ್ತಾನೆ, ಬೈಯುತ್ತಾನೆ, ಯಾರನ್ನೋ ಕರೆಯುತ್ತಾನೆ ಅಂದುಕೊಂಡಳು.

"ಅಯ್ಯಪ್ಪಾ!" ಎಂದ ದೊರೆ. "ಗಂಡಸ್ರದ್ದೂ ಇದೆಯಾ ನಿಮ್ಮಲ್ಲಿ? ಮೊದ್ಲೇ ಯಾಕ್ರೀ ಹೇಳ್ಲಿಲ್ಲ!" ಹಿಂದೆ ಸ್ನೇಹಿತರು ಕೇಕೆ ಹಾಕಿದರು. "ಇನ್ನೊಂದ್ಸಲ!"

ನಾಣ್ಯಗಳು ಝಣಝಣ ಸುರಿದವು. ಸಾಲಿನಲ್ಲಿ ಒಬ್ಬೊಬ್ಬರಾಗಿ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. ಪರದೆಗಳಲ್ಲಿ ಅವರ ಹೆಣಗಳು ಅರ್ಧ ಸತ್ತು ನಿಂತಿದ್ದವು.

ಹೊರಗೆ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಇನಾಮು ಬಿದ್ದಾಗಲೆಲ್ಲ ಬರುವ ಮೆತ್ತನೆ ಹೆಜ್ಜೆ.

"ಏನ್ರೀ, ಇನ್ನೊಂದ್ಸಲ ಅಂದೆ!" ಸ್ಪೀಕರು ಗದರಿತು.

ತಾತ ಮೂಲೆಯಿಂದ ಎದ್ದ. ಸೊಂಟ ಹಿಡಿದುಕೊಂಡು ಬಾಗಿಲವರೆಗೆ ನಡೆದು ಹೋಗಿ ಚಿಲಕ ತೆಗೆದ. ಅಕ್ಕ ಬಲಗೈ ಚಾಚಿ ತನ್ನ ಮೇಜಿನ ಡ್ರಾಯರನ್ನು ಎಳೆದು ತೆರೆದಳು. ಅದಕ್ಕೆ ಯಾರೂ ಎಣ್ಣೆ ಬಿಟ್ಟಿರಲಿಲ್ಲ, ಕಿರ್ರೆಂದಿತು.

ತಂಗಿ ಮೈಕನ್ನು ತನ್ನ ತುಟಿಗೆ ತಂದಳು.

"ಸ್ವಲ್ಪ ತಾಳಿ ದೊರೆ," ಎಂದಳು, ತನ್ನ ಒಡೆದ ಗಂಟಲಲ್ಲಿ. "ಧಣಿಗಳು ಬರ್ತಾ ಇದಾರೆ."